ಸೊನ್ನೆಗಿಂತ ನಾಲ್ಕು ಕೆಳಗೆ

ಮಾರ್ಚ್ ಹದಿನೇಳು, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ — ಇದು ಗೋಡೆಯ ಗಡಿಯಾರದ ಮಾತು, ನನ್ನ ಕೈಗಡಿಯಾರ ಮೂವತ್ತೇಳು ಅನ್ನುತ್ತಿದೆ, ಎರಡರಲ್ಲಿ ಯಾವುದು ಸರಿ ಎಂದು ಈ ಕಾರಿಡಾರಿನಲ್ಲಿ ಯಾರಿಗೂ ಬೇಕಾಗಿಲ್ಲ, ಎಲ್ಲರಿಗೂ ತಮ್ಮ ಹೆಸರು ಕೂಗಿದರೆ ಸಾಕು, ಸೆಕೆಂಡಿನ ಮುಳ್ಳು ಒಂಬತ್ತರ ಅಂಕಿಯ ಹತ್ತಿರ ಬಂದಾಗಲೆಲ್ಲ ನಡುಗಿ, ಒಂದು ಗೆರೆ ಹಿಂದೆ ಸರಿದು, ಮತ್ತೆ ಮನಸ್ಸು ಮಾಡಿ ಮೇಲೆ ಹೋಗುತ್ತದೆ, ಸೆಲ್ ಮುಗಿಯುತ್ತ ಬಂದಿದೆ, ಒಂಬತ್ತರಲ್ಲೇ ಯಾಕೆ ಅಂದರೆ ಮುಳ್ಳು ಅಡ್ಡವಾಗಿ ಚಾಚಿದಾಗಲೇ ಅದರ ತೂಕ ಹೆಚ್ಚು ಎಳೆಯುವುದು, ನನ್ನ ಬಲಗಾಲಿನ ಹಾಗೆ, ಅದೂ ಈಗ ಎದುರಿನ ಕುರ್ಚಿಯ ಮೇಲೆ ಹಿಮ್ಮಡಿ ಊರಿ ಅಡ್ಡ ಚಾಚಿಕೊಂಡಿದೆ, ಮಂಡಿಯ ಕೆಳಗೆ ಆಸರೆ ಇಲ್ಲ, ಗಾಳಿ, ಬರೀ ಗಾಳಿ, ತನ್ನ ಭಾರಕ್ಕೆ ತಾನೇ ಇಳಿಯಲಿ ಎಂದು ಹೀಗೆ ಇಡಬೇಕಂತೆ, ದಾರಿಯಲ್ಲಿ ಹೋಗುವ ನರ್ಸುಗಳೆಲ್ಲ ಅಡ್ಡಗಟ್ಟೆಯನ್ನು ಸುತ್ತಿಕೊಂಡು ಹೋಗುವಂತೆ ನನ್ನ ಕಾಲನ್ನು ಸುತ್ತಿಕೊಂಡು ಹೋಗುತ್ತಾರೆ, ಪಕ್ಕದಲ್ಲಿ ನಮ್ಮವರು, ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡು ಕೂತಿದ್ದಾರೆ, ನೋಡಿದವರು ಎದೆನೋವು ಅಂದುಕೊಳ್ಳಬೇಕು, ಎದೆನೋವಲ್ಲ, ಜೇಬಿನಲ್ಲಿ ಕಾಗದ ಇದೆ, ಗ್ರಾಫ್ ಹಾಳೆಯಿಂದ ಕತ್ತರಿಸಿದ ಹಸಿರು ಗೆರೆಗಳ ಉದ್ದನೆಯ ಪಟ್ಟಿ, ಅದು ಸುಕ್ಕಾಗಬಾರದು ಎಂದು ಕೈ, ಬಿಡ್ರೀ ಅದನ್ನ, ಇಲ್ಲೆಲ್ಲ ಅದು ಬೇಕಾಗಲ್ಲ, ಇಲ್ಲಿ ಅಳೆಯೋಕೆ ಅವರ ಹತ್ರ ಸಾಮಾನಿದೆ, ಇರಲಿ ಕಣೇ, ಭಾರ ಏನೂ ಆಗಲ್ವಲ್ಲ.

ಹೋದ ಸಲ ಇದೇ ಬಾಗಿಲಿನ ಹಿಂದೆ ಡಾಕ್ಟರು ಹೇಳಿದ್ದು ಕಿವಿಯಲ್ಲೇ ಇದೆ, ನೋಡಿ ಮೇಡಂ, ಕಾಲು ಮಡಚೋದು ಚೆನ್ನಾಗಿದೆ, ನೇರ ಆಗ್ತಿಲ್ಲ, ಮುಂದಿನ ಸಲ ಬರೋವಾಗ ಸೊನ್ನೆ ಇರಬೇಕು, ಇಲ್ದಿದ್ರೆ ಮತ್ತೆ ಮಲಗಿಸಿ, ಅರಿವಳಿಕೆ ಕೊಟ್ಟು, ನಾವೇ ಒತ್ತಿ ನೇರ ಮಾಡಿ ಪ್ಲಾಸ್ಟರ್ ಹಾಕ್ಬೇಕಾಗುತ್ತೆ, ಪೂರ್ತಿ ಚಾಚಿದ ಕಾಲು ಅಂದರೆ ಸೊನ್ನೆ ಡಿಗ್ರಿ, ಎಷ್ಟು ಬಾಗಿದೆಯೋ ಅಷ್ಟು ಡಿಗ್ರಿ ಬಾಕಿ, ಇದನ್ನು ನನಗೆ ಯಾರೂ ವಿವರಿಸಬೇಕಿರಲಿಲ್ಲ, ಡಾಕ್ಟರು ವಿವರಿಸಿದರು, ನಾನು ಕೇಳಿದೆ, ಪ್ಲಾಸ್ಟರ್ ಅಂದರೆ ಈ ವರ್ಷದ ಪ್ರಾಯೋಗಿಕ ತರಗತಿಗಳು ಹೋದಂತೆ, ತರಗತಿ ಹೋದರೆ ಪ್ರಾಂಶುಪಾಲರ ಕುರ್ಚಿ ಕಾದಿದೆ, ಅವರದ್ದಲ್ಲ, ನನಗೆಂದು ಅವರು ಹುಡುಕಿಟ್ಟದ್ದು, ಮೇಡಂ ನೀವು ಯಾಕೆ ಕಷ್ಟಪಡ್ತೀರಿ, ಪರೀಕ್ಷಾ ವಿಭಾಗದಲ್ಲಿ ಒಂದು ಒಳ್ಳೇ ಕುರ್ಚಿ ಖಾಲಿ ಇದೆ, ಫ್ಯಾನಿನ ನೇರ ಕೆಳಗೆ, ಕೈಹಿಡಿ ಕೂಡ ಇದೆ — ಕೈಹಿಡಿ ಇರುವ ಕುರ್ಚಿಯಲ್ಲಿ ಕೂತು ಉತ್ತರ ಪತ್ರಿಕೆಗಳ ಕಟ್ಟಿಗೆ ದಾರ ಸುತ್ತುವುದು, ಅಷ್ಟಕ್ಕೇ ನಾನು ಭೌತಶಾಸ್ತ್ರ ಓದಿದ್ದೆ, ಪ್ರಯೋಗಾಲಯದಲ್ಲಿ ಕೂರಲು ಆಗುವುದಿಲ್ಲ, ಕೂತರೆ ಕಾಣುವುದಿಲ್ಲ, ಮೂಲೆಯ ಮೇಜಿನ ಹುಡುಗಿ ಲೋಲಕವನ್ನು ಜೋರಾಗಿ ತೂಗಿಬಿಟ್ಟಿರುತ್ತಾಳೆ, ಇನ್ನೊಬ್ಬ ತಂತಿಯನ್ನು ತಪ್ಪು ಕಡೆ ಸಿಕ್ಕಿಸಿ ಮೀಟರಿನ ಮುಳ್ಳನ್ನು ಗೋಡೆಗೆ ಗುದ್ದಿಸಿರುತ್ತಾನೆ, ನಿಲ್ಲಬೇಕು, ಮೇಜಿನಿಂದ ಮೇಜಿಗೆ ಹೋಗಬೇಕು, ಹೆಗಲ ಮೇಲಿಂದ ಬಗ್ಗಿ ನೋಡಬೇಕು, ಬಾಗಿದ ಮಂಡಿಯ ಮೇಲೆ ನಿಲ್ಲುವುದು ಅಂದರೆ ಅರ್ಧ ಕೂತಂತೆ, ತೊಡೆ ಒಂದೇ ಸಮ ದುಡಿಯುತ್ತಿರಬೇಕು, ಕಾಲು ಪೂರ್ತಿ ನೇರವಾದರೆ ಮೂಳೆಯ ಮೇಲೆ ಮೂಳೆ ಕೂತು ಕಂಬದ ಹಾಗೆ ತಾನೇ ನಿಲ್ಲುತ್ತದೆ, ಕಂಬಕ್ಕೆ ಸುಸ್ತಾಗುವುದಿಲ್ಲ.

ಸೊನ್ನೆ ಮೇಡಂ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ, ನನ್ನ ನಿಜವಾದ ಹೆಸರು ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ, ಸೊನ್ನೆ ಅಂಕ ಕೊಡುತ್ತೇನೆಂದು ಅಲ್ಲ, ಅಷ್ಟು ಕೆಟ್ಟವಳಲ್ಲ, ಮೊದಲ ದಿನ ಮೊದಲ ಮಾತು ಅದೇ, ಯಾವ ಉಪಕರಣ ಕೈಗೆ ಬಂದರೂ ಅಳೆಯುವ ಮುಂಚೆ ಅದರ ಸೊನ್ನೆ ನೋಡಿ, ಸ್ಕ್ರೂಗೇಜಿನ ಬಾಯಿ ಮುಚ್ಚಿ ನೋಡಿ, ಏನೂ ಇಲ್ಲದಾಗ ಅದು ಸೊನ್ನೆ ಅನ್ನುತ್ತದೋ ಇಲ್ಲವೋ, ಅನ್ನದಿದ್ದರೆ ಅದಕ್ಕೊಂದು ಸುಳ್ಳಿದೆ, ಆ ಸುಳ್ಳು ಎಷ್ಟು ಎಂದು ಗೊತ್ತಾದರೆ ಉಪಕರಣ ಎಸೆಯಬೇಕಿಲ್ಲ, ಲೆಕ್ಕದಲ್ಲಿ ಸರಿಪಡಿಸಿಕೊಂಡರೆ ಆಯಿತು, ಸುಳ್ಳು ಸೊನ್ನೆಗಿಂತ ಮೇಲಿದ್ದರೆ ಕಳೆಯಿರಿ, ಕೆಳಗಿದ್ದರೆ ಕೂಡಿಸಿ, ಕೂಡಿಸಿ, ಕೂಡಿಸಿ ಎಂದು ಬಡಿದುಕೊಂಡರೂ ಅರ್ಧ ತರಗತಿ ಕಳೆಯುತ್ತದೆ, ದೋಷ ಅಂದ ಕೂಡಲೇ ಕಳೆಯಬೇಕು ಎಂದೇ ಮನುಷ್ಯರ ಕೈ ಹೋಗುತ್ತದೆ, ನನ್ನ ಮಂಡಿ ಸವೆಯುತ್ತಿದ್ದ ವರ್ಷಗಳಲ್ಲಿ ನಾನೇ ಒಂದು ಉಪಕರಣವಾಗಿದ್ದೆ, ಸುಳ್ಳು ಬೆಳೆಯುತ್ತಿತ್ತು, ಮೊದಲು ಮೆಟ್ಟಿಲಿನಲ್ಲಿ, ಆಮೇಲೆ ಸಮತಟ್ಟಿನಲ್ಲಿ, ಆಮೇಲೆ ನಿಂತಲ್ಲೇ, ಕಾಲು ನೇರವಾಗುವುದನ್ನು ಯಾವಾಗ ಬಿಟ್ಟಿತೋ ನನಗೆ ಗೊತ್ತಾಗಲಿಲ್ಲ, ನಮ್ಮವರಿಗೆ ಗೊತ್ತಾಯಿತು, ಫೋಟೋಗ್ರಾಫರ ಕಣ್ಣು, ದಿನವೆಲ್ಲ ಸ್ಟುಡಿಯೋದಲ್ಲಿ ಬಂದವರ ಗದ್ದ ಹಿಡಿದು ನೇರ ಮಾಡುವ ಕೆಲಸ, ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ತಲೆ ಓರೆ ಮಾಡಿ ನೋಡಿದರು, ಏನ್ರೀ, ಏನಿಲ್ಲ, ನೀನು ನನ್ನ ಭುಜಕ್ಕಿಂತ ಮೇಲಿದ್ದೆ, ಈಗ ಭುಜದ ಸಮಕ್ಕೆ ಬಂದಿದೀಯ, ನಾನು ಬೆಳೀತಾ ಇದೀನೋ ಏನೋ, ಅರವತ್ತಕ್ಕೆ ಬೆಳೆಯೋದಕ್ಕೆ ನೀವೇನು ಪಡವಲಕಾಯಿಯಾ ಅಂದೆ, ನಕ್ಕೆವು, ನಗುತ್ತಲೇ ಮೇಲಿನ ಗೂಡಿಗೆ ಕೈ ಚಾಚಿದೆ, ಡಬ್ಬಿ ಸಿಗಲಿಲ್ಲ.

ಕೊನೆಗೆ ಮಂಡಿಯ ಕೀಲನ್ನೇ ಬದಲಿಸಿದರು, ಆಪರೇಷನ್ ಕೋಣೆಯ ಚಳಿ, ಸೊಂಟದಿಂದ ಕೆಳಗೆ ನಾನಿರಲಿಲ್ಲ, ಮೇಲೆ ಇದ್ದೆ, ಎದೆಯ ಮೇಲೆ ಹಸಿರು ಬಟ್ಟೆಯ ಪರದೆ, ಆಚೆ ಕಡೆ ಮರಗೆಲಸ, ಗರಗಸ, ಕೊಡತಿ, ಮತ್ತೆ ಗರಗಸ, ಬೆನ್ನಿಗೆ ಚುಚ್ಚುಮದ್ದು ಕೊಟ್ಟವರು ಕೇಳಿದರು, ನಿದ್ದೆ ಬರಿಸಲಾ ಮೇಡಂ, ಬೇಡ, ನಾನು ಕೇಳಿಸಿಕೊಳ್ಳಬೇಕು, ಏನು ಕೇಳಿಸಿಕೊಳ್ತೀರಿ, ನಿಮ್ಮ ಕೆಲಸವನ್ನ, ಅವರು ಪರದೆಯಾಚೆ ತಲೆ ಹಾಕಿ ಡಾಕ್ಟರಿಗೆ ಹೇಳಿದರು, ಸಾರ್ ಇಲ್ಲಿ ಪರೀಕ್ಷಕರು ಬಂದಿದಾರೆ, ಹುಷಾರು — ನಾನು ಕೇಳಿಸಿಕೊಂಡೆ, ಅಳತೆ ನೋಡುವ ಲೋಹದ ತುಂಡನ್ನು ಇಟ್ಟು ತೆಗೆದು ಇಟ್ಟು ತೆಗೆದು, ಕೊನೆಗೆ ನಿಜವಾದದ್ದನ್ನು ಕೂರಿಸುವಾಗ ಕೊಡತಿಯ ಸದ್ದು ಮೊದಲು ಬೊದ್ದಾಗಿ, ಟೊಳ್ಳು ಡಬ್ಬ ಬಡಿದ ಹಾಗೆ, ಏಟಿನಿಂದ ಏಟಿಗೆ ಶ್ರುತಿ ಏರುತ್ತ ಏರುತ್ತ, ಕೊನೆಯ ಏಟಿಗೆ ಠಣ್ ಎಂದು ನಿಂತಿತು, ಆಗ ನನಗೆ ಗೊತ್ತಾಯಿತು, ಕೂತಿತು, ಎಲ್ಲೂ ಸಂದಿಲ್ಲ, ಡಾಕ್ಟರಿಗಿಂತ ಒಂದು ಕ್ಷಣ ಮೊದಲೇ ಕೂತಿತು ಅಂದುಬಿಟ್ಟೆ, ಪರದೆಯಾಚೆ ಯಾರೋ ಕಿಸಕ್ಕನೆ ನಕ್ಕರು, ಅಷ್ಟರಲ್ಲಿ ಲೋಹವನ್ನು ಮೂಳೆಗೆ ಅಂಟಿಸುವ ಸಿಮೆಂಟಿನ ವಾಸನೆ, ಹಲ್ಲಿನ ಡಾಕ್ಟರ ಅಂಗಡಿಯ ವಾಸನೆ, ಉಗುರಿನ ಬಣ್ಣದ ವಾಸನೆ, ಅದು ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ, ಅಲ್ಲಿಯವರೆಗೆ ಕಾಲನ್ನು ನೇರ ಹಿಡಿದು ಕಾಯಬೇಕು, ಕಾದರು, ಡಾಕ್ಟರು ನನ್ನ ಹಿಮ್ಮಡಿಯನ್ನು ಪರದೆಯ ಮೇಲಕ್ಕೆ ಎತ್ತಿ ತೋರಿಸಿದರು, ನೋಡಿ ಮೇಡಂ, ಪೂರ್ತಿ ನೇರ, ನೋಡಿದೆ, ಹಳದಿ ಔಷಧ ಬಳಿದ ಯಾರದೋ ಕಾಲು, ಅಳತೆಪಟ್ಟಿಯ ಹಾಗೆ ನೇರ, ನನ್ನದೇ, ಅವತ್ತು ಅದು ಸೊನ್ನೆಯಲ್ಲಿತ್ತು, ಸತ್ತಂತೆ ಮಲಗಿದ್ದಾಗ ಸೊನ್ನೆ, ಎಚ್ಚರವಾದ ಮೇಲೆ ನೋವು ಬಂತು, ಊತ ಬಂತು, ಹಳೆಯ ಸ್ನಾಯುಗಳು ತಮ್ಮ ಹಳೆಯ ಪಾಠ ಒಪ್ಪಿಸತೊಡಗಿದವು, ನಾವು ಬಾಗಿಯೇ ಇರುವವರು, ಕೀಲು ನಿಮ್ಮದು ಹೊಸದಿರಬಹುದು, ನಾವು ಹಳಬರು.

ಮನೆಗೆ ಕಳಿಸುವ ದಿನ ಡಾಕ್ಟರು ಹೇಳಿದರು, ನಡೀರಿ, ಮೆಟ್ಟಿಲು ಹತ್ತಿ, ಎಲ್ಲ ಮಾಡಿ, ಮಂಡಿಯೂರೋದು ಮಾತ್ರ ಬೇಡ, ನಮ್ಮವರು ಕೈ ಮುಗಿದರು, ಅವಳು ಯಾವತ್ತು ಯಾರ ಮುಂದೆ ಮಂಡಿಯೂರಿದಾಳೆ ಡಾಕ್ಟ್ರೇ, ಅದೊಂದು ಭಯ ನಿಮಗೆ ಬೇಡ, ಮನೆಯಲ್ಲಿ ಅತ್ತಿಗೆ ಕಾದಿದ್ದರು, ನಮ್ಮವರ ಅಕ್ಕ, ನನ್ನನ್ನು ನೋಡಿಕೊಳ್ಳಲು ಒಂದು ಚೀಲ ಬಟ್ಟೆ, ಒಂದು ಫೋನು ತಂದವರು, ಫಿಸಿಯೋ ವಾರಕ್ಕೆ ಎರಡು ಸಲ ಬರುತ್ತಿದ್ದಳು, ಕಾಲು ಒತ್ತಿ, ಅಳೆದು, ಅಂಕಿ ಹೇಳಿ ಹೋಗುತ್ತಿದ್ದಳು, ಅವಳು ಹೊರಟ ಕೂಡಲೇ ಅತ್ತಿಗೆಯ ಫೋನು ಶುರು, ಏನ್ ಹೇಳಲಿ ಕಣಮ್ಮ, ಮೊದಲು ಹದಿನೈದಿತ್ತಂತೆ, ಆಮೇಲೆ ಹತ್ತು, ಇವತ್ತು ನೋಡಿದ್ರೆ ಬರೀ ಎಂಟು, ದಿನದಿಂದ ದಿನಕ್ಕೆ ಇಳೀತಾ ಇದೆ ಪಾಪ, ನಾನು ಒಳಗಿನಿಂದ ಕೂಗಿದೆ, ಅತ್ತಿಗೆ, ಇಳಿದರೇ ಒಳ್ಳೇದು, ಅವರು ಫೋನಿಗೆ ಅಂಗೈ ಅಡ್ಡ ಇಟ್ಟು, ಕೇಳಿಸ್ತಾ, ನಮಗೆ ಬೇಜಾರಾಗಬಾರದು ಅಂತ ಹಾಗಂತಾಳೆ, ಧೈರ್ಯದ ಹೆಂಗಸು, ನೆಂಟರೆಲ್ಲ ಸಾಲಾಗಿ ಫೋನ್ ಮಾಡಿ ಸಮಾಧಾನ ಹೇಳಿದರು, ಎಂಟಾದರೂ ಇದೆಯಲ್ಲ, ಇಷ್ಟಕ್ಕೇ ಧೈರ್ಯಗೆಡಬೇಡಿ, ಸೊನ್ನೆಗೆ ಹೋಗದ ಹಾಗೆ ನೋಡ್ಕೊಳ್ಳಿ — ನಗಬಾರದು, ನಕ್ಕು ಮೈ ಕುಲುಕಿದರೆ ಮಂಡಿಯ ಹೊಲಿಗೆ ಎಳೆಯುತ್ತದೆ, ಫಿಸಿಯೋ ಮಾತ್ರ ನಗುತ್ತಲೇ ಒತ್ತುತ್ತಿದ್ದಳು, ಇನ್ನೊಂಚೂರು ಮೇಡಂ, ಇನ್ನೊಂಚೂರು, ಒಂಚೂರು ಅಂದರೆ ಎಷ್ಟಮ್ಮ, ಅದಕ್ಕೊಂದು ಮಾನ ಬೇಡವಾ, ಒಂಚೂರು ಅಂದ್ರೆ ನೀವು ಬೈಯೋವರೆಗೂ ಮೇಡಂ, ಇವತ್ತು ಇನ್ನೂ ಬೈದಿಲ್ಲ ನೀವು.

ಕಾಗದದ ಉಪಾಯ ನನ್ನದೇ, ಅಂಗಾತ ಮಲಗಿ, ಹಿಮ್ಮಡಿ ಹಾಸಿಗೆಗೆ ಊರಿ, ಮಂಡಿಯ ಹಿಂಭಾಗವನ್ನು ಕೆಳಗೆ ಒತ್ತಬೇಕು, ಅಡಿಯಲ್ಲಿ ಒಂದು ಕಾಗದದ ಪಟ್ಟಿ, ಒತ್ತಿದಾಗ ಅದು ಸಿಕ್ಕಿಕೊಂಡರೆ ಗೆದ್ದೆ, ಎಳೆದಾಗ ಬಂದರೆ ಇನ್ನೂ ಸಂದಿದೆ ಎಂದು ಅರ್ಥ, ಎರಡು ಗಾಜಿನ ಫಲಕಗಳ ನಡುವಿನ ಸಂದು ನೋಡುವ ಹಾಗೆ, ನಮ್ಮವರು ಸ್ಟುಡಿಯೋದ ಕತ್ತರಿ ಯಂತ್ರದಲ್ಲಿ ಹಳೆಯ ಗ್ರಾಫ್ ಹಾಳೆಯನ್ನು ಒಂದೇ ಅಗಲಕ್ಕೆ ಕತ್ತರಿಸಿ ತಂದರು, ಅಂಚು ನೋಡಿದರೆ ಗೊತ್ತಾಗುತ್ತಿತ್ತು, ಪ್ರೀತಿಯಿಂದ ಕತ್ತರಿಸಿದ್ದು, ಪ್ರತಿ ಬೆಳಿಗ್ಗೆ ಮಂಚದ ಪಕ್ಕ ಕೂತು, ಒತ್ತು, ಒತ್ತಿದೀನಿ, ಎಳೀಲಾ, ಎಳೀರಿ, ಕಾಗದ ಸರಕ್ಕನೆ ಬಂದುಬಿಡುತ್ತದೆ, ಹಸಿರು ಗೆರೆಗಳು ಚರ್ಮಕ್ಕೆ ತಣ್ಣಗೆ ತಾಗಿ ಜಾರಿ ಹೋಗುತ್ತವೆ, ಬೆಳಿಗ್ಗೆಯಿಂದ ಬೆಳಿಗ್ಗೆಗೆ ಅದೇ ಜಾರುವ ಸದ್ದು, ಸರಕ್, ಅದು ನನಗೆ ಕನಸಿನಲ್ಲೂ ಕೇಳಿಸತೊಡಗಿತು, ಒಂದು ದಿನ ಎಳೆದರು, ಬರಲಿಲ್ಲ, ಇನ್ನೊಮ್ಮೆ ಎಳೆದು ಮುಖ ಕಿವುಚಿದರು, ಅಬ್ಬ, ಬರ್ತಾನೇ ಇಲ್ಲ ಕಣೇ, ಗೆದ್ದೆ, ನಾನು ಅವರ ಬೆರಳು ನೋಡಿದೆ, ಬಿಗಿಯಾಗಿ ಎಳೆಯುವವರ ಹೆಬ್ಬೆರಳಿನ ಉಗುರು ಬಿಳಿಚಿಕೊಳ್ಳಬೇಕು, ಅವರದ್ದು ಗುಲಾಬಿ ಬಣ್ಣಕ್ಕೇ ಇತ್ತು, ರೀ, ಎಳೀರಿ, ಎಳೀತಾ ಇದೀನಿ, ನಟನೆ ಬೇಡ, ನೀವು ಎಳೀತಿಲ್ಲ, ಅವರು ತಲೆ ತಗ್ಗಿಸಿ ಎಳೆದರು, ಸರಕ್, ಪಟ್ಟಿ ಪೂರ್ತಿ ಕೈಗೆ ಬಂತು, ನನ್ನ ಕಣ್ಣಿಗೆ ನೇರವಾಗೇ ಕಾಣುತ್ತೆ, ನಾನೇನು ಮಾಡಲಿ ಅಂದರು, ಫೋಟೋ ತೆಗೆದರೆ ಯಾರೂ ಬಾಗಿದೆ ಅನ್ನಲ್ಲ, ಫೋಟೋದಲ್ಲಿ ನಿಂತುಕೊಂಡು ಪಾಠ ಮಾಡೋಕಾಗುತ್ತೇನ್ರೀ ಅಂದೆ, ಅನ್ನಬಾರದಿತ್ತು, ಅಂದೆ.

ಮತ್ತೆ ಫಿಸಿಯೋ ಕಾಲು ಅಳೆಯಲು ತರುತ್ತಿದ್ದ ಕೋನಮಾಪಕ, ಎರಡು ಪಾರದರ್ಶಕ ಪ್ಲಾಸ್ಟಿಕ್ ತೋಳು, ನಡುವೆ ಒಂದು ರಿವೆಟ್, ಒಂದು ತೋಳನ್ನು ತೊಡೆಗೆ, ಇನ್ನೊಂದನ್ನು ಕಣಕಾಲಿಗೆ ಸರಿಹೊಂದಿಸಿ ನಡುವಿನ ಬಿಲ್ಲೆಯಲ್ಲಿ ಡಿಗ್ರಿ ಓದುವುದು, ಎಂಟು ಎಂದು ಅವಳು ಓದಿದ ದಿನ ನನಗೆ ತಡೆಯಲಾಗಲಿಲ್ಲ, ಏನಮ್ಮಾ, ಅದರ ಸೊನ್ನೆ ನೋಡಿದೀಯಾ, ಇದಕ್ಕೆಂಥ ಸೊನ್ನೆ ಮೇಡಂ, ಪ್ಲಾಸ್ಟಿಕ್ಕಿನದು, ಕೊಡು ಇಲ್ಲಿ, ಮೇಜಿನ ಅಂಚಿಗೆ ಎರಡೂ ತೋಳು ತಾಗಿಸಿ ನೇರ ಹಿಡಿದೆ, ಸೊನ್ನೆ ತೋರಿಸಬೇಕಿತ್ತು, ತೋರಿಸಲಿಲ್ಲ, ಗೆರೆ ಸೊನ್ನೆಯನ್ನು ದಾಟಿ ಆಚೆ ಬದಿಗೆ ಹೋಗಿತ್ತು, ಸೊನ್ನೆಗಿಂತ ನಾಲ್ಕು ಕೆಳಗೆ, ಬಿಲ್ಲೆಯನ್ನೇ ಸೊಟ್ಟ ಕೂರಿಸಿ ರಿವೆಟ್ ಹೊಡೆದಿದ್ದರು, ಎದೆ ಹಾರಿತು, ಸುಳ್ಳು ಹೇಳಬಾರದು, ನಾನು ಉಪಕರಣದ ಮೇಲೆ ಸಂಶಯಪಟ್ಟದ್ದು ಶಾಸ್ತ್ರಕ್ಕಲ್ಲ, ಆಸೆಗೆ, ಅವಳಂತೂ ಕುಣಿದಳು, ಹಾಗಾದ್ರೆ ಎಂಟರಲ್ಲಿ ನಾಲ್ಕು ಹೋಯ್ತು, ನಾಲ್ಕೇ ಮೇಡಂ, ನಾಲ್ಕೇ, ಅರ್ಧ ದಾರಿ ಬಂದುಬಿಟ್ರಿ — ಅತ್ತಿಗೆ ಬಾಗಿಲಲ್ಲಿ ಎದೆ ಹಿಡಿದುಕೊಂಡರು, ನಾಲ್ಕಕ್ಕೆ ಬಂತಾ — ಆ ಒಂದು ಉಸಿರು, ನಾಲ್ಕನ್ನು ನಾನೂ ಇಟ್ಟುಕೊಂಡೆ, ಬಾಯಲ್ಲಿ ಸಕ್ಕರೆ ಇಟ್ಟುಕೊಂಡ ಹಾಗೆ, ಆಮೇಲೆ ಉಗುಳಿದೆ, ಇಲ್ಲಮ್ಮ, ಕೆಳಗಿದ್ದರೆ ಕೂಡಿಸಬೇಕು, ಕಳೀಬಾರದು, ನೇರ ಇದ್ದಾಗಲೇ ಅದು ನಾಲ್ಕು ಕಡಿಮೆ ತೋರಿಸುತ್ತೆ ಅಂದ್ರೆ ಯಾವಾಗಲೂ ನಾಲ್ಕು ಕಡಿಮೆನೇ ತೋರಿಸುತ್ತೆ, ಎಂಟಕ್ಕೆ ನಾಲ್ಕು ಕೂಡಿಸು, ಹನ್ನೆರಡು, ಅವಳ ಮುಖ ಇಳಿಯಿತು, ಅಯ್ಯೋ ಮೇಡಂ, ನಿಮ್ಮ ಕಾಲಿನ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಲ್ಲ, ಬೇರೆ ಯಾರೇ ಆಗಿದ್ರೂ ಸುಮ್ನೆ ಎಂಟು ಇಟ್ಕೊಳ್ಳೋರು, ಬಾಗಿಲಲ್ಲಿ ಅತ್ತಿಗೆ ಮಾತ್ರ ಉಸಿರು ಬಿಟ್ಟರು, ಹನ್ನೆರಡಾ, ಸದ್ಯ, ಏರಿತಲ್ಲ. ಹೊಸದು ತರ್ತೀನಿ ಅಂದಳು, ಬೇಡ, ಇದೇ ಇರಲಿ, ಇದರ ಸುಳ್ಳು ನಮಗೆ ಗೊತ್ತು, ಹೊಸದರದ್ದು ಗೊತ್ತಿಲ್ಲ, ಅಂದಿನಿಂದ ಅವಳು ಓದಿದ್ದಕ್ಕೆ ನಾವಿಬ್ಬರೂ ಒಂದೇ ಬಾಯಲ್ಲಿ ನಾಲ್ಕು ಕೂಡಿಸುತ್ತೇವೆ, ಮಗ್ಗಿ ಒಪ್ಪಿಸುವವರ ಹಾಗೆ.

ಹೆಸರು ಕೂಗಿದರು, ಯಾರದು, ನನ್ನದೇ, ನಿಜವಾದ ಹೆಸರು ಕೇಳಿ ಎಷ್ಟು ದಿನವಾಯಿತು, ಏಳು ಕಣೇ, ಏಳ್ತೀನಿ, ಕೋಲು ಬೇಡ, ಕೋಲು ನೀವೇ ಹಿಡ್ಕೊಳ್ಳಿ, ಬಾಗಿಲವರೆಗೆ ಕೋಲಿಲ್ಲದೆ ಹೋಗುತ್ತೇನೆ, ಹಿಮ್ಮಡಿ ಮೊದಲು, ಆಮೇಲೆ ಪಾದ, ಹಿಮ್ಮಡಿ, ಪಾದ, ನೆಲದ ಬಿಳಿ ಹಲಗೆಗಲ್ಲುಗಳ ಗೆರೆ ನೇರ ಬಾಗಿಲಿಗೆ ಹೋಗುತ್ತದೆ, ನಾನೂ ಆ ಗೆರೆಯ ಮೇಲೆ, ನೋವಿಲ್ಲ, ಇದು ಆಶ್ಚರ್ಯ, ಎಷ್ಟೋ ವರ್ಷ ಹೆಜ್ಜೆ ಅಂದರೆ ನೋವು, ನೋವು ಅಂದರೆ ಹೆಜ್ಜೆ, ಈಗ ಹೆಜ್ಜೆ ಅಂದರೆ ಬರೀ ಹೆಜ್ಜೆ, ಒಳಗೆ ಗಟ್ಟಿ ಮಂಚ, ಮೇಲೆ ತೆಳುವಾದ ರೆಕ್ಸಿನ್, ಫಿಸಿಯೋ ಮೊದಲೇ ಬಂದು ನಿಂತಿದ್ದಾಳೆ, ಕೈಯಲ್ಲಿ ಅದೇ ಕೋನಮಾಪಕ, ಕಣ್ಣಲ್ಲಿ ಏನೋ ಇದೆ, ಡಾಕ್ಟರು ಕನ್ನಡಕ ಏರಿಸಿ, ಬನ್ನಿ ಪರೀಕ್ಷಕರೇ, ಮಲಗಿ, ಇವತ್ತು ನಾವು ಪರೀಕ್ಷಕರು, ಅವಳ ಕೈಯಿಂದ ಅದನ್ನು ತೆಗೆದುಕೊಂಡು ತಾವೇ ತೊಡೆಗೆ ಒಂದು ತೋಳು, ಕಣಕಾಲಿಗೆ ಒಂದು ತೋಳು ಇಟ್ಟು ಬಗ್ಗಿ ಓದಿದರು, ಸೊನ್ನೆ, ಭೇಷ್, ಬಂತಲ್ಲ, ನೋಡಿ ಯಜಮಾನ್ರೇ, ಸೊನ್ನೆ, ನಮ್ಮವರು ಜೇಬಿನ ಮೇಲಿನ ಕೈ ತೆಗೆದು ಎರಡೂ ಕೈ ಜೋಡಿಸಿದರು, ಹಲ್ಲೆಲ್ಲ ಕಾಣುತ್ತಿದೆ, ಫಿಸಿಯೋ ನನ್ನನ್ನು ನೋಡುತ್ತಿದ್ದಾಳೆ, ರೆಪ್ಪೆ ಬಡಿಯದೆ, ಬೇಡ ಮೇಡಂ, ಹೇಳಬೇಡಿ, ನಾನೂ ಹೇಳಲ್ಲ, ಕಣ್ಣು ಅಷ್ಟನ್ನೂ ಹೇಳುತ್ತಿದೆ, ಸುಮ್ಮನಿದ್ದರೆ ಮುಗಿಯಿತು, ಪ್ಲಾಸ್ಟರ್ ಇಲ್ಲ, ಅರಿವಳಿಕೆ ಇಲ್ಲ, ಮನೆಗೆ ಹೋಗಬಹುದು, ನಾಳೆ ಪ್ರಾಂಶುಪಾಲರಿಗೆ ಫೋನು ಮಾಡಿ ನಿಮ್ಮ ಕುರ್ಚಿಯಲ್ಲಿ ನೀವೇ ಕೂತ್ಕೊಳ್ಳಿ ಸಾರ್ ಅನ್ನಬಹುದು, ಆಮೇಲೆ ಆ ಪ್ರಯೋಗಾಲಯಕ್ಕೆ ಹೋಗಿ, ನಾಲ್ಕು ಡಿಗ್ರಿ ಬಾಗಿದ ಕಾಲಿನ ಮೇಲೆ ನಿಂತು, ಮಕ್ಕಳೇ ಮೊದಲು ಸೊನ್ನೆ ನೋಡಿ — ಯಾವ ಬಾಯಲ್ಲಿ ಹೇಳಲಿ, ಡಾಕ್ಟ್ರೇ, ಅದು ಸೊನ್ನೆ ಅಲ್ಲ, ನಾಲ್ಕು ಅಂದೆ, ಏನಂದ್ರಿ, ಆ ಉಪಕರಣ ನಾಲ್ಕು ಕಡಿಮೆ ತೋರಿಸುತ್ತೆ, ಮೇಜಿನ ಅಂಚಿಗೆ ಇಟ್ಟು ನೋಡಿ, ಅವರು ಇಟ್ಟು ನೋಡಿದರು, ಕನ್ನಡಕ ಇಳಿಸಿ ಮತ್ತೊಮ್ಮೆ ನೋಡಿದರು, ಫಿಸಿಯೋ ಚಾವಣಿ ನೋಡಿದಳು, ನಮ್ಮವರ ಜೋಡಿಸಿದ ಕೈ ಹಾಗೇ ಉಳಿಯಿತು, ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು, ನಾಲ್ಕು ಉಳಿದರೆ ಕುಂಟು ಉಳಿಯುತ್ತೆ ಮೇಡಂ, ನಿಂತು ಮಾಡೋ ಕೆಲಸ ಬೇರೆ ನಿಮ್ಮದು, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬಂದುಬಿಡಿ, ಹತ್ತು ನಿಮಿಷದ ಕೆಲಸ, ಒತ್ತಿ ಪ್ಲಾಸ್ಟರ್ ಹಾಕಿಬಿಡೋಣ.

ಮುಗಿಯಿತು ಅನ್ನಿಸಬೇಕಿತ್ತು, ಅನ್ನಿಸಲಿಲ್ಲ, ಎಂಥದೋ ಹಗುರ, ಮುಚ್ಚಿಡಲು ಏನೂ ಉಳಿಯದವಳ ಹಗುರ, ತೊಡೆ ತಾನಾಗಿ ಮೆತ್ತಗಾಯಿತು, ಇಷ್ಟು ದಿನ ಅದು ಬಿಗಿ ಹಿಡಿದೇ ಇತ್ತು, ಯಾರೋ ಕಸಿದುಕೊಳ್ಳುತ್ತಾರೆ ಎಂಬಂತೆ, ಹಿಡಿದವಳು ನಾನೇ, ನನಗೇ ಗೊತ್ತಿಲ್ಲದೆ, ಡಾಕ್ಟ್ರೇ, ಈಗ ಅಳೆದದ್ದು ನಾನು ಸುಮ್ಮನೆ ಮಲಗಿದ್ದಾಗ, ಒಂದು ಸಲ ನಾನಾಗಿ ಒತ್ತುತ್ತೀನಿ, ಆಮೇಲೆ ನಾಳೆಯ ಮಾತು, ಅವರು ಕೈ ಚೆಲ್ಲಿದರು, ಒತ್ತಿ, ರೀ, ಕಾಗದ ಕೊಡಿ, ನಮ್ಮವರು ಜೇಬಿಗೆ ಕೈ ಹಾಕಿದರು, ನಾನು ಹೇಳಲಿಲ್ವಾ ಎಂಬಂತೆ ಒಂದು ನೋಟ, ಕಾಗದ ಬಂತು, ಹಸಿರು ಗೆರೆ, ಒಂದೂ ಸುಕ್ಕಿಲ್ಲ, ಮಂಡಿಯ ಕೆಳಗೆ ತಣ್ಣಗೆ ಜಾರಿತು, ಏನಿದು ಅಂದರು ಡಾಕ್ಟರು, ಸಂದು ನೋಡೋ ಕಾಗದ ಸಾರ್ ಅಂದಳು ಫಿಸಿಯೋ, ಅವಳ ಅಂಗೈ ನನ್ನ ಮಂಡಿಯ ಮೇಲೆ, ಒತ್ತುತ್ತಿಲ್ಲ, ಸುಮ್ಮನೆ ಇದೆ, ಹಿಮ್ಮಡಿ ದೂರ ತಳ್ಳಿ ಮೇಡಂ, ಬೆರಳು ನಿಮ್ಮ ಕಡೆ, ಉಸಿರು ಬಿಡ್ತಾ, ಮಂಡಿಯನ್ನ ಮಂಚದೊಳಗೆ ಹೂತು ಹಾಕೋ ಹಾಗೆ, ಇನ್ನೊಂಚೂರು, ತೊಡೆಯ ಮೇಲೆ ಸ್ನಾಯು ಎದ್ದು ನಿಲ್ಲುತ್ತದೆ, ಹೊಲಿಗೆಯ ಗೆರೆ ಬಿಳಿಚುತ್ತದೆ, ಮಂಡಿಯ ಹಿಂದೆ ಹಳೆಯ ಹಗ್ಗ, ಬಾಗಿಯೇ ಇರುವವರು ನಾವು ಅನ್ನುವ ಹಗ್ಗ, ಉರಿ, ಬಿಸಿ, ಸಿಮೆಂಟು ಗಟ್ಟಿಯಾಗುವ ಬಿಸಿ, ಇನ್ನೊಂಚೂರು, ಥೂ ನಿನ್ನ ಒಂಚೂರಿಗೆ ಬೆಂಕಿ ಹಾಕ, ಬೈದ್ರು ಸಾರ್, ಮೇಡಂ ಬೈದ್ರು, ಬಂತು ಅಂದ್ರೆ ಬಂತು, ಎಲ್ಲೋ ಒಳಗೆ ಏನೋ ಇಳಿದು ಕೂತಿತು, ಬೊದ್ದು ಸದ್ದು ಏರಿ ಏರಿ ಠಣ್ ಎಂದ ಹಾಗೆ, ಯಾರಿಗೂ ಕೇಳಿಸದ ಠಣ್, ರೀ, ಎಳೀರಿ, ಎಳೀಲಾ, ಎಳೀರಿ, ನಟನೆ ಬೇಡ, ಇಲ್ಲ ಕಣೇ, ಅವರ ಹೆಬ್ಬೆರಳು ನೋಡುತ್ತೇನೆ, ಉಗುರು ಬಿಳಿಚಿದೆ, ಪೂರ್ತಿ ಬಿಳಿಚಿದೆ, ಮೊಣಕೈ ಹಿಂದಕ್ಕೆ ಹೋಗಿದೆ, ಕಾಲು ಊರಿ ಎಳೆಯುತ್ತಿದ್ದಾರೆ, ಸರಕ್ ಅನ್ನುವ ಸದ್ದಿಗೆ ಕಿವಿ ಕಾಯುತ್ತಿದೆ, ಆ ಸದ್ದು ಬರುತ್ತಿಲ್ಲ, ಬೇರೆ ಸದ್ದು, ಪರ್ರ್, ಅವರು ಎರಡು ಹೆಜ್ಜೆ ಹಿಂದೆ ಮುಗ್ಗರಿಸಿ ಗೋಡೆಗೆ ಒರಗಿದರು, ಕೈಯಲ್ಲಿ ಅರ್ಧ ಕಾಗದ, ಹರಿದ ಅಂಚು ಹಲ್ಲು ಹಲ್ಲಾಗಿದೆ, ಫೋಟೋಗ್ರಾಫರ ಕೈಯಲ್ಲಿ ಇಷ್ಟು ಸೊಟ್ಟ ಅಂಚನ್ನು ನಾನು ಈವರೆಗೆ ನೋಡಿಲ್ಲ, ಹಾಗೇ ಇರಿ, ಅಲ್ಲಾಡಬೇಡಿ ಅನ್ನುತ್ತಿದ್ದಾರೆ ಡಾಕ್ಟರು, ಅಲ್ಲಾಡುವವಳು ಯಾರು, ಕಂಬ, ಪ್ಲಾಸ್ಟಿಕ್ಕಿನ ತೋಳು ತೊಡೆಗೆ, ತೋಳು ಕಣಕಾಲಿಗೆ, ಸೊನ್ನೆಗಿಂತ ನಾಲ್ಕು ಕೆಳಗೆ ಎಂದು ಓದಿ ಫಿಸಿಯೋ ಕಡೆ ತಿರುಗಿದರು, ಈಗ ಇದನ್ನ ಏನು ಮಾಡ್ಬೇಕಮ್ಮ, ಕಳೀಬೇಕಾ, ಕೂಡಿಸ್ಬೇಕು ಸಾರ್, ಕೆಳಗಿದ್ರೆ ಕೂಡಿಸ್ಬೇಕು, ಅಳುತ್ತಿದ್ದಾಳೋ ನಗುತ್ತಿದ್ದಾಳೋ, ಅತ್ತಿಗೆಗೆ ಫೋನು ಮಾಡಬೇಕು, ಸೊನ್ನೆಗೆ ಬಂತು ಅಂದರೆ ಕುಸಿದು ಕೂತಾರು, ಮೇಲಿನ ಗೂಡಿನ ಡಬ್ಬಿ, ಮೂಲೆಯ ಮೇಜಿನ ಲೋಲಕ, ಎಲ್ಲ ಇರಲಿ, ಎಲ್ಲ ಆಮೇಲೆ, ಅರ್ಧ ಕಾಗದ ಅವರ ಕೈಯಲ್ಲಿ, ಅರ್ಧ ನನ್ನ ಮಂಡಿಯ ಕೆಳಗೆ, ಹಸಿರು ಗೆರೆಗಳು ಅಲ್ಲೇ, ಗಾಳಿ ಇಲ್ಲ, ಸಂದು ಇಲ್ಲ, ಅರ್ಧ ಕಾಗದ, ನನ್ನ ಮಂಡಿಯ ಕೆಳಗೆ ಅರ್ಧ ಕಾಗದ — ಕೋನ, ಸೊನ್ನೆ ಡಿಗ್ರಿ.